ಕೆಂಪು ಸೀರೆಯ ತಕರಾರು

ಜೇವರ್ಗಿ ಕಾಲೋನಿಯ ಫೋಟೋ ಅಂಗಡಿಯೊಂದರಲ್ಲಿ 'ಮೊಬೈಲಿನ ಬಣ್ಣವೇ ಪ್ರಿಂಟಿನಲ್ಲಿ ಬರಬೇಕೆಂದು ವಾದಿಸಬಾರದು' ಎಂಬ ಬೋರ್ಡನ್ನು ಕಂಡಾಗ, ಗಿರಾಕಿಗೂ ಫೋಟೋದವನಿಗೂ ನಡೆಯುವ ಈ ವ್ಯಾಜ್ಯವು ಮೊಬೈಲಿಗಿಂತ ಬಹಳ ಹಿರಿಯದೆಂಬುದು ನೆನಪಾಗಿ, ನನ್ನ ಮನಸ್ಸು ಅಜ್ಜಿಯ ಮದುವೆಯ ಪಟದತ್ತ ಹರಿಯಿತು.

ನಿಜಾಮರ ಆಳ್ವಿಕೆಯ ಕಡೆಗಾಲದಲ್ಲಿ ಗುಲ್ಬರ್ಗದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಆ ಪಟದಲ್ಲಿ, ಅಜ್ಜಿ ಉಟ್ಟಿದ್ದ ಅಚ್ಚಗೆಂಪು ಇಳಕಲ್ ಸೀರೆಯು ಕಾಡಿಗೆಯಂತೆ ಕಪ್ಪಾಗಿ ಮೂಡಿತ್ತು. ಹಣೆಯ ಕುಂಕುಮದ ಗತಿಯೂ ಅದೇ. ಮದುವಣಗಿತ್ತಿಗೆ ಕರಿ ಸೀರೆಯೆಂದರೆ ಅಮಂಗಲದ ಪರಮಾವಧಿಯಷ್ಟೆ! ಮುತ್ತಜ್ಜನವರು ಕೆರಳಿ ಸ್ಟುಡಿಯೋದೊಳಕ್ಕೆ ನುಗ್ಗಿ, "ಅಲ್ರೀ, ಶುಭಕಾರ್ಯದಾಗ ನಮ್ಮ ಹುಡುಗಿಗೆ ಕರೀ ಸೀರಿ ಉಡಿಸೀರಲ್ಲ, ಇದಕ್ಕ ನಾ ರೊಕ್ಕ ಬ್ಯಾರೆ ಕೊಡಬೇಕೇನು?" ಎಂದು ಗರ್ಜಿಸಿದರಂತೆ.

ಫೋಟೋದವನು ವಾದಿಸಲಿಲ್ಲ. ಅವರನ್ನು ಕತ್ತಲೆಕೋಣೆಗೆ ಕರೆದೊಯ್ದು ಅಲ್ಲಿ ಉರಿಯುತ್ತಿದ್ದ ಕೆಂಪು ದೀಪವನ್ನು ತೋರಿಸಿ, "ಈ ಬೆಳಕಿನಾಗ ಪ್ಲೇಟು ತೊಳದ್ರ ಅದಕ್ಕ ಏನೂ ಆಗಂಗಿಲ್ರಿ, ಯಜಮಾನ್ರ. ಕೆಂಪು ಅದಕ್ಕ ಕಾಣಂಗೇ ಇಲ್ಲ. ಮತ್ತ ನಿಮ್ಮ ಸೀರಿ ಹೆಂಗ ಕಂಡೀತು?" ಎಂದನಂತೆ. ಇದಕ್ಕಿಂತ ಚೊಕ್ಕವಾದ ವಿಜ್ಞಾನಪಾಠವನ್ನು ನಾನು ಯಾವ ಕಾಲೇಜಿನಲ್ಲೂ ಕೇಳಿದವನಲ್ಲ.

ಆದಿಕಾಲದ ಪ್ಲೇಟುಗಳು ನೀಲಿ, ನೇರಳೆ ಬೆಳಕನ್ನಷ್ಟೇ ಗ್ರಹಿಸುತ್ತಿದ್ದವು. ಜರ್ಮನಿಯ ವೋಗೆಲ್ ಮಹಾಶಯರು 1873ರಲ್ಲಿ ಬಣ್ಣದ್ರವ್ಯವನ್ನು ಬೆರೆಸಿ ಅವಕ್ಕೆ ಹಸಿರಿನ ಪರಿಚಯ ಮಾಡಿಸಿದರು. ಕೆಂಪನ್ನೂ ಗುರುತಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು 1906ರ ಸುಮಾರಿಗೆ ಮಾರಾಟಕ್ಕೆ ಬಂದುವಾದರೂ, ಅವನ್ನು ಗಾಢಾಂಧಕಾರದಲ್ಲಿ ತಡಕಾಡುತ್ತ ತೊಳೆಯಬೇಕಾಗಿದ್ದುದರಿಂದ, ಕೆಂಪು ದೀಪದ ಸೌಕರ್ಯವನ್ನು ಬಿಡಲೊಲ್ಲದ ಸಣ್ಣ ಊರಿನವರು ಹಳೆಯ ಬಗೆಯನ್ನೇ ಬಹುಕಾಲ ನೆಚ್ಚಿದ್ದರು. ನಮ್ಮ ಹೈದರಾಬಾದು ಸಂಸ್ಥಾನದ ರಾಜಮಾನ್ಯ ಛಾಯಾಗ್ರಾಹಕರಾಗಿದ್ದು 1894ರಲ್ಲಿ 'ರಾಜಾ' ಬಿರುದನ್ನು ಪಡೆದ ಲಾಲಾ ದೀನದಯಾಳರು, ಅದಕ್ಕೂ ಮುಂಚೆ 1892ರಲ್ಲಿ, ಪರದೆಯ ಸ್ತ್ರೀಯರಿಗಾಗಿಯೇ ಹೆಂಗಸೊಬ್ಬರ ಮೇಲ್ವಿಚಾರಣೆಯ ಚಿತ್ರಶಾಲೆಯೊಂದನ್ನು ಹೈದರಾಬಾದಿನಲ್ಲಿ ತೆರೆದಿದ್ದರು. ಅಲ್ಲಿ ಬೇಗಮರ ಕೆಂಪು ದುಪಟ್ಟಾಗಳು ಕಪ್ಪಾದಾಗ ಯಾರು ಯಾರನ್ನು ಹೇಗೆ ಸಮಾಧಾನಪಡಿಸಿದರೋ ಎಂದು ಯೋಚಿಸುತ್ತ ನಾನು ಅನೇಕ ಮಧ್ಯಾಹ್ನಗಳನ್ನು ಸುಖವಾಗಿ ಹಾಳುಮಾಡಿಕೊಂಡಿದ್ದೇನೆ.

ಇಂದಿನ ತಕರಾರಿಗೂ ಇಂಥದೇ ಕಾರಣವುಂಟು. ಮೊಬೈಲಿನ ಪರದೆ ತಾನೇ ಬೆಳಗುತ್ತದೆ. ಕಾಗದವು ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸಬಲ್ಲುದು, ಆದ್ದರಿಂದ ಮಂಕಾಗಿ ಕಾಣುತ್ತದೆ. ಮೊಬೈಲಿನ ಚಿತ್ರದ ಅಳತೆ ಸಾಮಾನ್ಯವಾಗಿ 4:3 ಆಗಿರುವುದರಿಂದ 4×6 ಕಾಗದದ ತುಂಬ ಅಚ್ಚುಹಾಕುವಾಗ ಅಂಚು ಹೋಗಿ, ಹಿಂದಿನ ಸಾಲಿನ ಸೋದರಮಾವನ ತಲೆ ಮಾಯವಾಗುವುದೂ ಉಂಟು. ಬೋರ್ಡು ಬರೆಯಿಸುವ ಖರ್ಚಿನಲ್ಲಿ ಒಂದು ಚಿಕ್ಕ ತುಣುಕನ್ನು ಮೊದಲೇ ಅಚ್ಚುಹಾಕಿ, ಬಾಗಿಲ ಬಳಿಯ ಬಿಸಿಲಿನಲ್ಲಿ ಗಿರಾಕಿಗೆ ತೋರಿಸಿದರೆ ಅರ್ಧ ಜಗಳ ಅಲ್ಲಿಯೇ ತೀರೀತು.

ಮುತ್ತಜ್ಜನವರು ಪಾಠ ಕೇಳಿದ ಮೇಲೆ ರೊಕ್ಕ ಕೊಟ್ಟರಾದರೂ ಪಟವನ್ನು ಒಯ್ಯಲಿಲ್ಲ. ಕುಂಚದಿಂದ ಕೆಂಪು ಬಳಿಯಿಸಿಕೊಡಬೇಕೆಂದು ಪಟ್ಟುಹಿಡಿದರು. ಸೀರೆಯನ್ನೇ ಕಾಣದ ಬಣ್ಣಗಾರನು ತನ್ನ ಅಭಿರುಚಿಗನುಸಾರವಾಗಿ ಅದನ್ನು ಗುಲಾಬಿ ಮಾಡಿದನು. "ಕರೀದರ ಅಲ್ಲಲ್ಲ, ನಡೀತದ" ಎಂದು ಅವರೇ ಮೊಳೆ ಹೊಡೆದು ತೂಗಹಾಕಿದರಂತೆ. ಅಜ್ಜಿ ಮಾತ್ರ ಬಂದವರಿಗೆಲ್ಲ ಪೆಟ್ಟಿಗೆಯಿಂದ ಅಸಲು ಸೀರೆ ತೆಗೆದು ತೋರಿಸದೆ ಕಳುಹಿಸುತ್ತಿರಲಿಲ್ಲ.