ಮೊಮ್ಮಗ ಶಾಲೆಗೆ ಹೋಗ್ತಿಲ್ಲ, ಹೌದು

ಈ ವಾರ ರಾಗಿ ಕೊಯ್ಲಿನ ಖರ್ಚು ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಡೈರಿ ಹತ್ರ, ಸೊಸೈಟಿ ಹತ್ರ, ಮೊನ್ನೆ ಒಂದು ತಿಥಿ ಊಟದಲ್ಲಿ ಕೂತಾಗ್ಲೂ ಅದೇ ಪ್ರಶ್ನೆ: "ಏನಣ್ಣ, ದಸರಾ ರಜೆಗೆ ಬಂದ ಮೊಮ್ಮಗ ಇನ್ನೂ ಬೆಂಗಳೂರಿಗೆ ಹೋಗಿಲ್ವಲ್ಲ, ಶಾಲೆ ಬಿಡಿಸಿದ್ರಾ?" ಒಬ್ಬರಂತೂ ಫೇಲಾದ್ನಾ ಅಂತ ಮೆಲ್ಲಗೆ ಕೇಳಿದ್ರು. ಐದನೇ ಕ್ಲಾಸಿನ ಹುಡುಗ, ಎಲ್ಲಿಂದ ಫೇಲಾಗ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡೋ ಬದಲು ಎಲ್ಲಾ ಇಲ್ಲೇ ಬರೆದುಬಿಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಹುಡುಗ ಫೇಲಾಗಿಲ್ಲ, ಕಾಯಿಲೆನೂ ಇಲ್ಲ. ಆದರೆ ಒಂದು ವರ್ಷದಿಂದ ಶಾಲೆ ಇರೋ ದಿನ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಇಲ್ಲ. ಡಾಕ್ಟರು ಸ್ಕ್ಯಾನು ಎಲ್ಲಾ ಆಯ್ತು, ಹೊಟ್ಟೇಲಿ ಏನೂ ಇಲ್ಲ ಅಂದ್ರು. ಮಗಳು, ಅಳಿಯ ಇಬ್ಬರೂ ಓದಿದೋರು. ಅವರು ಎಲ್ಲೆಲ್ಲೋ ಹುಡುಕಿ ಓದಿ "ಅನ್‌ಸ್ಕೂಲಿಂಗ್ ಮಾಡೋಣ ಅಂತಿದೀವಿ ಅಪ್ಪಾಜಿ" ಅಂದ್ರು. ಶಾಲೆಗೆ ಕಳಿಸಲ್ಲ, ಮನೇಲೂ ಪಾಠದ ಪುಸ್ತಕ ಹಿಡ್ಕೊಂಡು ಕೂರಿಸಲ್ಲ. ಮಗುಗೆ ಯಾವುದರ ಮೇಲೆ ಆಸಕ್ತಿನೋ ಅದರ ಹಿಂದೆ ಹೋಗೋಕೆ ಬಿಡೋದು, ದೊಡ್ಡೋರು ಜೊತೇಲಿರೋದು. ಹೋಮ್ ಸ್ಕೂಲಿಂಗ್ ಅಂದ್ರೆ ಬೇರೆ, ಅದು ಶಾಲೆನೇ ಮನೆಗೆ ತಂದ ಹಾಗೆ, ಟೈಮ್ ಟೇಬಲ್ ಎಲ್ಲಾ ಇರುತ್ತೆ. ಇದರಲ್ಲಿ ಅದೂ ಇಲ್ಲ.

ಮೊದಲ ಸಲ ಕೇಳ್ದಾಗ ನನಗೆ ನಗು ಬಂತು. ನಮ್ಮ ಕಾಲದಲ್ಲಿ ಊರಲ್ಲಿ ಅರ್ಧಕ್ಕರ್ಧ ಹುಡುಗರು ಅನ್‌ಸ್ಕೂಲಿಂಗೇ. ದನ ಕಾಯೋಕೆ ಹೋಗ್ತಿದ್ರು.

ಅಳಿಯ ಹೇಳಿದ್ದನ್ನ ಬರೀತೀನಿ. ಅಮೆರಿಕದಲ್ಲಿ ಜಾನ್ ಹೋಲ್ಟ್ ಅಂತ ಒಬ್ಬ ಮೇಷ್ಟ್ರು. ವರ್ಷಗಟ್ಟಲೆ ಪಾಠ ಮಾಡಿ, ಮಕ್ಕಳು ಕ್ಲಾಸಲ್ಲಿ ವಿಷಯ ಕಲಿಯೋದಕ್ಕಿಂತ ಮೇಷ್ಟ್ರಿಗೆ ಬೇಕಾದ ಉತ್ತರ ಊಹೆ ಮಾಡೋದನ್ನ ಜಾಸ್ತಿ ಕಲೀತಾರೆ, ಭಯದಿಂದ ಇದ್ದ ಬುದ್ಧಿನೂ ಮುಚ್ಚಿಕೊಳ್ಳುತ್ತೆ ಅಂತ 1964ರಲ್ಲಿ ಪುಸ್ತಕ ಬರೆದ. ಆಮೇಲೆ 1977ರಲ್ಲಿ ಮಕ್ಕಳನ್ನ ಶಾಲೆ ಇಲ್ಲದೆ ಬೆಳೆಸೋರಿಗೆ ಅಂತಲೇ ಒಂದು ಪತ್ರಿಕೆ ಶುರು ಮಾಡಿದ. ಅನ್‌ಸ್ಕೂಲಿಂಗ್ ಅನ್ನೋ ಮಾತು ಅವನದೇ. ನಮ್ಮಲ್ಲೂ ಯೋಚನೆ ಮಾಡಿದೋರು ಇಲ್ಲದೇ ಇಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಓದು ಕಲಿಸಬೇಕು ಅಂದ್ರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಟ, ನಾಟಕ ಅಂತ ಪ್ರಯೋಗ ಮಾಡಿದ್ರು, ಮಕ್ಕಳಿಗೋಸ್ಕರ 'ಬಾಲಪ್ರಪಂಚ' ಅಂತ ದೊಡ್ಡ ಪುಸ್ತಕ ಬರೆದ್ರು. ಆದರೆ ಅವರ್‍ಯಾರೂ ಮಗುನ ಅದರ ಪಾಡಿಗೆ ಬಿಡಿ ಅನ್ನಲಿಲ್ಲ, ಜೊತೆಗೆ ನಿಂತ್ರು.

ಕಾನೂನು ಏನು ಹೇಳುತ್ತೆ ಅಂತ ತುಂಬಾ ಜನ ಕೇಳಿದ್ರು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿ. 6ರಿಂದ 14 ವರ್ಷದ ಮಗುನ ಶಾಲೆಗೆ ಸೇರಿಸೋದು ತಂದೆತಾಯಿ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ನಲ್ಲಿದೆ. ಸೇರಿಸದಿದ್ರೆ ಇಂತಿಷ್ಟು ದಂಡ ಅಂತ ಆ ಕಾಯ್ದೆಯಲ್ಲಿ ಬರೆದಿಲ್ಲ. ಮನೇಲಿ ಕಲಿಸಬಹುದು ಅಂತ ಒಪ್ಪಿಗೆನೂ ಬರೆದಿಲ್ಲ. ನಡುವೆ ಶಾಲೆ ಬಿಟ್ಟ ಮಗುನ ವಾಪಸ್ ಸೇರಿಸಿದ್ರೆ ವಯಸ್ಸಿಗೆ ತಕ್ಕ ಕ್ಲಾಸಿಗೇ ತಗೋಬೇಕು, ಹಿಂದೆ ಬಿದ್ದಿದ್ರೆ ವಿಶೇಷ ತರಬೇತಿ ಕೊಡಬೇಕು, ಇದು 4ನೇ ಸೆಕ್ಷನ್. ಇದನ್ನ ಎಲ್ಲರೂ ನೆನಪಿಟ್ಟುಕೊಳ್ಳಿ, ಕೂಲಿಗೆ ಹೋಗಿ ಶಾಲೆ ತಪ್ಪಿಸಿಕೊಂಡ ಮಕ್ಕಳಿಗೂ ಇದೇ ಅನ್ವಯ. ಹತ್ತನೇ ಕ್ಲಾಸಿಗೆ ಎನ್‌ಐಓಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, 1989ರಿಂದ. 14 ವರ್ಷ ತುಂಬಿದ್ರೆ ಸೇರಬಹುದು, ಐದು ವರ್ಷದೊಳಗೆ ಒಂದೊಂದೇ ವಿಷಯ ಬರೆದು ಮುಗಿಸಬಹುದು. ಅಂದ್ರೆ ದಾರಿ ಪೂರ್ತಿ ಮುಚ್ಚಿಲ್ಲ.

ಇನ್ನೊಂದು ಕಾನೂನೂ ಇದೆ. 14ರೊಳಗಿನ ಮಗು ಮನೆ ಕೆಲಸಕ್ಕೆ, ತೋಟದ ಕೆಲಸಕ್ಕೆ ಕೈಜೋಡಿಸಬಹುದು, ಆದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ. 2016ರ ತಿದ್ದುಪಡಿ. ಈಗ ನನ್ನ ಮೊಮ್ಮಗ ಬೆಳಿಗ್ಗೆ ಹತ್ತು ಗಂಟೆಗೆ ಕಣದಲ್ಲಿ ನಿಂತಿದ್ರೆ ಅಳಿಯನ ಸ್ನೇಹಿತರು ಫೋಟೋ ನೋಡಿ ಅನುಭವದ ಕಲಿಕೆ ಅಂತಾರೆ. ಪಕ್ಕದ ಕಣದಲ್ಲಿ ಕೂಲಿಯವರ ಮಗು ನಿಂತಿದ್ರೆ ಅದು ಬಾಲಕಾರ್ಮಿಕ. ಇಬ್ಬರ ಕೈಲೂ ಒಂದೇ ಥರದ ಪೊರಕೆ.

ಸರಿ, ಈ ಎರಡು ತಿಂಗಳಲ್ಲಿ ಏನಾಯ್ತು ಅಂತ ಹೇಳ್ತೀನಿ. ಮೊದಲ ಹದಿನೈದು ದಿನ ಏನೂ ಆಗಲಿಲ್ಲ. ಏಳೋದು, ತಿನ್ನೋದು, ಮೊಬೈಲು. ನಮ್ಮ ಮನೆಯವರು ದಿನಾ ನನ್ನ ಮುಖ ನೋಡೋರು. ಶಾಲೇಲಿದ್ದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳು ಸುಮ್ನೆ ಬಿಡಬೇಕು ಅಂತ ಈ ಪದ್ಧತಿಯೋರು ಲೆಕ್ಕ ಹೇಳ್ತಾರಂತೆ. ಅಷ್ಟು ತಾಳ್ಮೆ ನಮ್ಮನೇಲಿ ಇಲ್ಲ. ಮೊಬೈಲು ರಾತ್ರಿ ಒಂದು ಗಂಟೆ ಮಾತ್ರ ಅಂತ ಅವರಜ್ಜಿ ಎತ್ತಿಟ್ಟಳು. ಅದು ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಮಗಳು ಫೋನಲ್ಲಿ ವಾದ ಮಾಡಿದ್ಲು. "ಹಾಗಾದ್ರೆ ನೀನೇ ಬಂದು ಎಬ್ಬಿಸು" ಅಂದ್ಲು ಇವಳು, ಮಾತು ಅಲ್ಲಿಗೆ ನಿಂತಿತು. ಹೊಟ್ಟೆನೋವು ಮಾತ್ರ ಬಂದ ಒಂದೇ ವಾರಕ್ಕೆ ಹೋಯ್ತು.

ಆಮೇಲೆ ಒಂದಿನ ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಮಾಡಿಸ್ತಿದ್ವಿ. "ತಾತ, ಒಂದು ಕ್ವಿಂಟಾಲಿಗೆ ಎಷ್ಟು ಕೊಬ್ಬರಿ ಬೇಕು?" ಅಂದ. ಕಾಯಿ ಮೇಲೆ ಹೋಗುತ್ತಪ್ಪಾ, ಒಂದೇ ಲೆಕ್ಕ ಇರಲ್ಲ ಅಂದೆ. ಹತ್ತು ಉಂಡೆ ಕೊಬ್ಬರಿ ಆರಿಸಿ ತೂಗಿದ. 1 ಕೆಜಿ 480 ಗ್ರಾಂ ಬಂತು, ಅಂದ್ರೆ ಒಂದಕ್ಕೆ 148 ಗ್ರಾಂ. ಮುಂದೆ ಅವನಿಗೆ ಅಷ್ಟು ದೊಡ್ಡ ಭಾಗಾಕಾರ ಬರಲ್ಲ. ನಾನು ಹೇಳಿಕೊಡೋಕೆ ಹೋದ್ರೆ ಬೇಡ ಅಂದ. ಗೋಡೆ ಮೇಲೆ ಇದ್ದಿಲಲ್ಲಿ ಕೂಡುತ್ತಾ ಹೋದ. 600 ಕೊಬ್ಬರಿಗೆ 88 ಕೆಜಿ 800 ಗ್ರಾಂ, ಇನ್ನು 70 ಸೇರಿಸಿದ್ರೆ 99 ಕೆಜಿ 160 ಗ್ರಾಂ, ಇನ್ನು ಆರು ಹಾಕಿದ್ರೆ ಕ್ವಿಂಟಾಲು ದಾಟಿತು. 676. ಸಂಜೆ ತನಕ ತಗೊಂಡ. ಕೊಬ್ಬರಿ ಸುಲಿಯೋ ಹೆಂಗಸರು ನೋಡ್ತಾ ಇದ್ದೋರು ನಕ್ಕುಬಿಟ್ರು, "ದಪ್ಪ ದಪ್ಪದ್ದೇ ಆರಿಸಿದೀಯಲ್ಲೋ ಮರಿ!" ಹುಡುಗನ ಮುಖ ಕೆಂಪಾಯ್ತು. ಮರುದಿನ ಕಣ್ಣು ಮುಚ್ಚಿಕೊಂಡು ರಾಶಿಯಿಂದ ಹತ್ತು ತೆಗೆದ. 1 ಕೆಜಿ 360 ಗ್ರಾಂ. ಈ ಸಲ ಲೆಕ್ಕ ಒಂದು ಗಂಟೇಲಿ ಮುಗೀತು, 736 ಬೇಕು. ಎರಡು ಲೆಕ್ಕಕ್ಕೆ 60 ಕೊಬ್ಬರಿ ವ್ಯತ್ಯಾಸ ಯಾಕೆ ಬಂತು ಅಂತ ಊಟ ಮಾಡ್ತಾನೂ ಅದೇ ಮಾತು. ಇಷ್ಟು ವರ್ಷ ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹಾಕಿದೀನಿ, ನಾನು ಒಂದಿನವೂ ಹೀಗೆ ಲೆಕ್ಕ ಹಾಕಿ ನೋಡಿರಲಿಲ್ಲ.

ಇನ್ನೊಂದು, ನುಸಿ. ಕಾಯಿ ಮೇಲೆ ಕಂದು ಗಾಯ ನೋಡಿ ಹುಳ ತೋರ್ಸು ಅಂದ. ನುಸಿ ಟೋಪಿ ಕೆಳಗಿರುತ್ತೆ, ಬರಿಗಣ್ಣಿಗೆ ಕಾಣಲ್ಲ ಅಂದ್ರೆ ನಂಬಲಿಲ್ಲ, "ಕಾಣದೇ ಇರೋದು ಇದೆ ಅಂತ ನಿಂಗೆ ಹೆಂಗೆ ಗೊತ್ತು ತಾತ?" ಅದಕ್ಕೆ ನನ್ನ ಎಸ್ಸೆಸ್ಸೆಲ್ಸಿ ಸಾಲಲಿಲ್ಲ. ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಬೈಕಲ್ಲಿ ಕೂರಿಸ್ಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಬರೋವಾಗ ದಾರಿ ಉದ್ದಕ್ಕೂ ಮಾತು. ಚೆನ್ನಾಗೇ ಇತ್ತು. ಆದರೆ ಅವತ್ತು ನನ್ನ ಅರ್ಧ ದಿನ ಹೋಯ್ತು, ಕರೆಂಟು ಬಂದಿದ್ರೂ ನೀರು ಬಿಡೋಕಾಗಲಿಲ್ಲ, ರಾತ್ರಿ ಎದ್ದು ಬಿಟ್ಟೆ.

ಮಗಳಿಗೆ ನಾನು ಹೇಳಿದ್ದೂ ಇದನ್ನೇ. ಶಾಲೇಲಿ ಒಬ್ಬ ಮೇಷ್ಟ್ರು ನಲವತ್ತು ಮಕ್ಕಳನ್ನ ನೋಡ್ಕೋತಾನೆ. ನಿಮ್ಮ ಪದ್ಧತೀಲಿ ಒಂದು ಮಗುಗೆ ಒಬ್ಬ ದೊಡ್ಡ ಮನುಷ್ಯ ಬೇಕು, ಅವನಿಗೆ ಬೇರೆ ಅವಸರ ಇರಬಾರದು. ನೀವಿಬ್ಬರೂ ಕೆಲಸಕ್ಕೆ ಹೋಗಿ, ಮಗುನ ನಮ್ಮ ಹತ್ರ ಬಿಟ್ಟು, ಮಗು ಮೇಲೆ ನಂಬಿಕೆ ಇದೆ ಅಂದ್ರೆ ಅದು ಅವನ ಮೇಲಲ್ಲ, ನನ್ನ ಮತ್ತೆ ನಿಮ್ಮಮ್ಮನ ಮೊಣಕಾಲಿನ ಮೇಲೆ ಇಟ್ಟಿರೋ ನಂಬಿಕೆ. ಮತ್ತೆ ಅವನು ತಾನಾಗೇ ಮುಟ್ಟದೇ ಇರೋದೂ ಇದೆ. ಕನ್ನಡ ಓದು ಅಂದ್ರೆ ಓಡಿಹೋಗ್ತಾನೆ, ಒತ್ತಕ್ಷರ ಬಂದ್ರೆ ನಿಂತುಬಿಡ್ತಾನೆ. ಬೇಕಾದಾಗ ಕಲೀತಾನೆ ಅಂತ ಅಳಿಯ ಹೇಳ್ತಾನೆ. ಇರಬಹುದು. ಮಕ್ಕಳು ಗಿಡ ಇದ್ದಂಗೆ, ತಾವೇ ಬೆಳೀತಾವೆ ಅಂತ ಒಂದು ವಿಡಿಯೋನೂ ಕಳಿಸಿದ್ದ. ಆ ವಿಡಿಯೋ ಮಾಡಿದೋರು ತೆಂಗಿನ ಸಸಿ ನೆಟ್ಟು ಬೇಸಿಗೆ ದಾಟಿಸಿಲ್ಲ ಅಂತ ಕಾಣುತ್ತೆ.

ಇಷ್ಟೇ ಆಗಿದ್ರೆ ನಮ್ಮ ಮನೆ ವಿಷಯ ಅಂತ ನಾನು ಬರೀತಾನೇ ಇರಲಿಲ್ಲ.

ಹೋದ ತಿಂಗಳು ನಮ್ಮ ತೋಟದಲ್ಲಿ ಕಾಯಿ ಕೀಳೋನು ಬಂದ. ಅವನನ್ನ ಕೇಳಿಯೇ ಇದನ್ನ ಬರೀತಿದೀನಿ, ಹೆಸರು ಹಾಕಲ್ಲ. ಅವನ ಮಗಳು ಎಂಟನೇ ಕ್ಲಾಸು, ನಮ್ಮ ಸರ್ಕಾರಿ ಶಾಲೆಯಲ್ಲಿ. "ಯಜಮಾನ್ರೆ, ನಿಮ್ಮಂಥೋರ ಮನೆ ಮಗುನೇ ಶಾಲೆಗೆ ಹೋಗಲ್ಲ ಅಂದ್ಮೇಲೆ ಇವಳು ಓದಿ ಏನು ಮಾಡ್ಬೇಕು? ಮುಂದಿನ ವರ್ಷ ಹೈಸ್ಕೂಲು ದೂರ ಬೇರೆ. ನಿಲ್ಲಿಸ್ಬಿಡ್ತೀನಿ, ನಿಮ್ಮಲ್ಲೇ ಕೊಬ್ಬರಿ ಸುಲಿಯೋಕೆ ಬರ್ತಾಳೆ, ನಿಮ್ಮ ಮೊಮ್ಮಗನ ಹಂಗೆ ಕಲೀಲಿ" ಅಂದ. ವ್ಯಂಗ್ಯಕ್ಕೆ ಅಂದಿದ್ದಲ್ಲ, ನಿಜವಾಗ್ಲೂ ಕೇಳಿದ. ನನಗೆ ಬಾಯಿ ಕಟ್ಟಿದಂಗಾಯ್ತು.

ಯಾಕಂದ್ರೆ ಮೊಮ್ಮಗನದು ಪ್ರಯೋಗ. ಕೆಟ್ಟರೆ ಫೀಸು ಕಟ್ಟಿ ಇನ್ನೊಂದು ಶಾಲೆಗೆ ಸೇರಿಸ್ತಾರೆ, ಎನ್‌ಐಓಎಸ್ ಕಟ್ಟಿಸ್ತಾರೆ, ಇಂಗ್ಲಿಷ್ ಮನೇಲೇ ಇದೆ. ಈ ಹುಡುಗಿಗೆ ಎಂಟನೇ ಕ್ಲಾಸಲ್ಲಿ ಬಿಡಿಸಿದ್ರೆ ಪ್ರಯೋಗ ಅಲ್ಲ, ಮುಗೀತು. ಮಧ್ಯಾಹ್ನದ ಬಿಸಿಯೂಟ ಹೋಗುತ್ತೆ, ಜೊತೆಗಾತಿಯರು ಹೋಗ್ತಾರೆ, ಬಂದಿಲ್ಲ ಯಾಕೆ ಅಂತ ಮನೆ ಬಾಗಿಲಿಗೆ ಬಂದು ಕೇಳೋ ಮೇಡಮ್ಮೂ ಹೋಗ್ತಾರೆ.

ಅವತ್ತು ಹುಡುಗಿನೂ ಜೊತೇಲೇ ಬಂದಿದ್ಲು, ಮೊಮ್ಮಗನ ಜೊತೆ ಕಲ್ಲಾಟ ಆಡ್ತಿದ್ಲು. ನನಗೆ ಅಳಿಯ ಹೇಳಿದ ಮಾತೇ ನೆನಪಾಯ್ತು, ಮಗು ಏನು ಹೇಳುತ್ತೋ ಅದನ್ನ ಕೇಳಬೇಕು ಅಂತ. "ಅವಳನ್ನ ಕೇಳೋಣ ಇರಪ್ಪ" ಅಂತ ಕರೆದೆ. "ನಿಂಗೇನು ಬೇಕಮ್ಮ?" ಅಂದೆ. ಅಪ್ಪನ ಮುಖ ನೋಡಿದ್ಲು, ನೆಲ ನೋಡಿದ್ಲು. ಆಮೇಲೆ ಸ್ಪಷ್ಟವಾಗಿ ಹೇಳಿದ್ಲು: "ನಾನು ಹೈಸ್ಕೂಲಿಗೆ ಹೋಗ್ಬೇಕು. ಮನೇಲಿದ್ರೆ ತಮ್ಮನ್ನ ನೋಡ್ಕೊ ಅಂತಾರೆ. ಆಮೇಲೆ ಮದ್ವೆ ಮಾಡ್ತಾರೆ."

"ಲೇ, ಯಾರೇ ಹೇಳಿಕೊಟ್ಟಿದ್ದು ನಿಂಗೆ?" ಅಂದ ಅಪ್ಪ. ಯಾರೂ ಹೇಳಿಕೊಟ್ಟಿಲ್ಲ. ಅವಳ ಅಕ್ಕನಿಗೆ ಏನಾಯ್ತು ಅಂತ ಅವಳೇ ನೋಡಿದಾಳೆ, ನಾವೂ ನೋಡಿದೀವಿ. ಅವನು ಮತ್ತೆ ಮಾತಾಡಲಿಲ್ಲ. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಶಕ್ತಿ ಯೋಜನೆ ಇದೆ, ರಸ್ತೆ ತನಕ ನಮ್ಮೂರ ಇನ್ನೂ ಇಬ್ಬರು ಹುಡುಗಿಯರು ಜೊತೆಗಿದಾರೆ ಅಂದೆ. ಸರಿ ಯಜಮಾನ್ರೆ ಅಂತ ಎದ್ದು ಹೋದ. ಜೂನ್‌ನಲ್ಲಿ ಸೇರಿಸ್ತಾನೋ ಇಲ್ವೋ ಅಂತ ಈಗಲೇ ಹೇಳೋಕಾಗಲ್ಲ. ಅರ್ಜಿ ತಗೊಂಡು ನಾನೇ ಹೋಗಿ ಕೂರ್ತೀನಿ.

ರಾತ್ರಿ ಇದನ್ನೆಲ್ಲ ಮಗಳಿಗೆ ಫೋನಲ್ಲಿ ಹೇಳ್ದೆ. ತುಂಬಾ ಹೊತ್ತು ಸುಮ್ನಿದ್ಲು. ನಿಮ್ಮ ಪದ್ಧತಿ ತಪ್ಪು ಅಂತ ನಾನು ಹೇಳಲಿಲ್ಲ, ಈಗಲೂ ಹೇಳಲ್ಲ. ಹುಡುಗನ ಹೊಟ್ಟೆನೋವು ನಿಜ, ಗೋಡೆ ಮೇಲಿನ ಲೆಕ್ಕವೂ ನಿಜ, ಅದನ್ನ ಅಳಿಸೋಕೆ ಬಿಟ್ಟಿಲ್ಲ ನಾನು. ಆದರೆ ಇದನ್ನ ಊರಿಗೆಲ್ಲ ಒಳ್ಳೇದು ಅಂತ ಹೇಳ್ಕೊಂಡು ತಿರುಗಬೇಡಿ, ಫೋಟೋ ಹಾಕಬೇಡಿ, ಇಲ್ಲಿ ನೋಡೋ ಕಣ್ಣು ಬೇರೆ ಅಂದೆ. ಒಪ್ಪಿಕೊಂಡ್ಲು.

ಹುಡುಗಿ ಈಗ ಶಾಲೆ ಬಿಟ್ಟ ಮೇಲೆ ದಿನಾ ನಮ್ಮನೆಗೆ ಬರ್ತಾಳೆ. ಇವನಿಗೆ ಕನ್ನಡ ಪತ್ರಿಕೆ ಓದಿಸ್ತಾಳೆ, ಒತ್ತಕ್ಷರ ತಪ್ಪಿದ್ರೆ ತಲೆ ಮೇಲೆ ಮೊಟಕ್ತಾಳೆ. ನಮ್ಮ ಹತ್ರ ಓಡಿಹೋಗೋನು ಅವಳ ಹತ್ರ ಕೂರ್ತಾನೆ. ಅವಳಿಗೆ ಇವನು ಇಂಗ್ಲಿಷ್ ಹೇಳಿಕೊಡ್ತಾನಂತೆ, ನಾನು ನೋಡಿದ್ರೆ ಬರೀ ಕ್ರಿಕೆಟ್ ಹೆಸರುಗಳು.

ಟಿ.ಸಿ. ತಗೊಳ್ಳೋ ವಿಚಾರ ಮಾರ್ಚ್ ತನಕ ಮುಂದಕ್ಕೆ ಹಾಕಿದೀವಿ. ಇಲ್ಲೇ ಇರೋದಾದ್ರೆ ನಿಮ್ಮಿಬ್ಬರಲ್ಲಿ ಒಬ್ಬರು ಬಂದು ಇರಬೇಕು ಅನ್ನೋದು ನನ್ನ ಷರತ್ತು. ಸಂಕ್ರಾಂತಿ ಕಳೆದ ಮೇಲೆ ಅಳಿಯ ಬರ್ತಾನಂತೆ, ಕಂಪ್ಯೂಟರ್ ಕೆಲಸ ಇಲ್ಲಿಂದಲೇ ಮಾಡ್ತಾನಂತೆ. ನಮ್ಮನೇಲಿ ನೆಟ್‌ವರ್ಕ್ ಸಿಗೋದು ಅಟ್ಟದ ಮೇಲೆ ಮಾತ್ರ. ಕಾಯಿ ಪಕ್ಕಕ್ಕೆ ಸರಿಸಿ ಒಂದು ಕುರ್ಚಿ ಹಾಕೋಷ್ಟು ಜಾಗ ಮಾಡಿದೀನಿ.