ಒಂದೇ ಡಬ್ಬಿ, ಎರಡು ಚೀಟಿ

ಒಂದು ಭಾನುವಾರ ಮಿಸ್ಸಿಸಾಗಾದ ನಮ್ಮ ಅಡುಗೆಮನೆಯಲ್ಲಿ ಕೂತು ಸಾರಿನ ಪುಡಿಯ ಪಟ್ಟಿ ತಿದ್ದಿದೆ. ಹಾಸನದಿಂದ ಅಮ್ಮ ಟೈಪ್ ಮಾಡಿ, ಲಿಂಕ್ ಕಳಿಸಿದ್ದ ಪಟ್ಟಿ. ಮಗನಿಗೆ ಖಾರ ಆಗಲ್ಲ ಅಂತ ಗುಂಟೂರು ಮೆಣಸಿನಕಾಯಿ ತೆಗೆದೆ. ಪಾವಿನ ಲೆಕ್ಕವನ್ನೆಲ್ಲ ಗ್ರಾಂ ಮಾಡಿದೆ.

ಎರಡು ದಿನ ಬಿಟ್ಟು ಅಮ್ಮನ ಫೋನು. "ಏನೇ, ನನ್ನ ಪಟ್ಟಿಗೆ ಏನ್ ಮಾಡಿದೀಯಾ? ಅದು ಅಜ್ಜಿ ಹೇಳಿ ಬರೆಸಿದ್ದು ಕಣೇ." ಅಜ್ಜಿ ಈಗಿಲ್ಲ.

ನಾನು ಕಾಪಿ ಮಾಡ್ಕೊಂಡಿದೀನಿ ಅಂದ್ಕೊಂಡಿದ್ದೆ. ದಿನಾ ಪೈಥಾನ್ ಬರೆಯೋಳು ನಾನು! 'ನನ್ನಪಟ್ಟಿ = ಅಮ್ಮನಪಟ್ಟಿ' ಅಂತ ಬರೆದರೆ ಹೊಸ ಪಟ್ಟಿ ಹುಟ್ಟಲ್ಲ. ಇದ್ದ ಒಂದೇ ಡಬ್ಬಿಗೆ ಇನ್ನೊಂದು ಹೆಸರಿನ ಚೀಟಿ ಅಂಟುತ್ತೆ, ಅಷ್ಟೆ. ಜಾವಾದಲ್ಲೂ ಆಬ್ಜೆಕ್ಟ್‌ಗಳ ಕಥೆ ಇದೇ. ಈ ಚೀಟಿಗೇ ರೆಫರೆನ್ಸ್ ಅನ್ನೋದು.

ನನಗೆ ಬೇಕಾಗಿದ್ದದ್ದು ಇನ್‌ಹೆರಿಟೆನ್ಸ್. ನಾರ್ವೆಯ ಡಾಲ್ ಮತ್ತು ನೈಗಾರ್ಡ್ 1967ರ ಸಿಮ್ಯುಲಾ ಭಾಷೆಯಲ್ಲೇ ಇದನ್ನು ತಂದಿದ್ದರು. 'ಅಮ್ಮ' ಅನ್ನೋ ಕ್ಲಾಸಿನಿಂದ 'ಮಗಳು' ಅನ್ನೋ ಕ್ಲಾಸ್. ಹುಳಿ, ಗೊಜ್ಜು, ಒಗ್ಗರಣೆ ಎಲ್ಲ ತಾನಾಗೇ ಬರುತ್ತೆ. 'ಸಾರು' ಒಂದನ್ನು ಮಾತ್ರ ಮಗಳು ತನ್ನ ಥರ ಬರೆದುಕೊಳ್ತಾಳೆ, ಅದು ಓವರ್‌ರೈಡಿಂಗ್. ಅಮ್ಮನ ಕ್ಲಾಸಿನಲ್ಲಿ ಒಂದಕ್ಷರವೂ ಅಳಿಸಿಹೋಗಲ್ಲ. ಬೇಕಾದಾಗ 'ಸೂಪರ್' ಅಂತ ಕರೆದು ಅಮ್ಮನ ಸಾರನ್ನೇ ಮಾಡಬಹುದು.

ಓದುವಾಗ ನನ್ನನ್ನು ಕಾಡಿದ ಸಾಲು ಇನ್ನೊಂದು: 'ಅಮ್ಮ ಯಾರೋ = ನ್ಯೂ ಮಗಳು()'. ಚೀಟಿಯ ಮೇಲೆ ಅಮ್ಮ, ಡಬ್ಬಿಯೊಳಗೆ ಮಗಳು. ಹಾಸನಕ್ಕೆ ಹೋದಾಗ ಅರ್ಥ ಆಯ್ತು. ನೆಂಟರಿಗೆಲ್ಲ ನಾನು "ಅವರ ಮಗಳು", ಸ್ವಂತ ಹೆಸರೇ ಇಲ್ಲ. "ನಿಮ್ಮಮ್ಮನ ಥರ ಸಾರು ಮಾಡಮ್ಮಾ" ಅಂತಾರೆ. ಮಾಡಿದರೆ ತಟ್ಟೆಗೆ ಬೀಳೋದು ನನ್ನ ಸಾರೇ. ಪಾಸ್ತಾ ಮಾಡು ಅಂತ ಮಾತ್ರ ಯಾರೂ ಕೇಳಲ್ಲ. ನನಗೆ ಬರುತ್ತೆ, ಆದರೆ ಅಮ್ಮನ ಚೀಟಿಯಲ್ಲಿ ಅದಿಲ್ಲ. ಜಾವಾದಲ್ಲಿ ಕೇಳಿದರೆ ಕಂಪೈಲರ್ ಅಲ್ಲೇ ತಡೆಯುತ್ತೆ. (ಸಿ++ನಲ್ಲಿ ಅಮ್ಮನ ಕ್ಲಾಸಿನಲ್ಲಿ 'ವರ್ಚುಯಲ್' ಅಂತ ಬರೆಯದಿದ್ದರೆ, ಮಗಳು ನಿಂತಿದ್ದರೂ ಅಮ್ಮನ ಸಾರೇ ಬರುತ್ತೆ. ನೆಂಟರಿಗೆ ಅದೇ ಇಷ್ಟವಾದೀತು.)

ಫೈಲಿನ ಹಳೇ ಆವೃತ್ತಿ ಸಿಕ್ಕಿತು, ಅಜ್ಜಿಯ ಪಾವುಗಳು ವಾಪಸ್ ಬಂದವು. ನನ್ನದನ್ನು ಬೇರೆ ಫೈಲ್ ಮಾಡಿದೆ. ಮೊದಲ ಸಾಲು: "ಎಲ್ಲ ಅಮ್ಮನ ಹಾಗೇ, ಗುಂಟೂರು ಬೇಡ." ಮರುದಿನ ಅಮ್ಮನ ಮೆಸೇಜ್: "ನಿಂದೂ ಕಳಿಸು. ಅಪ್ಪಂಗೆ ಈಗ ಖಾರ ಆಗ್ತಿಲ್ಲ."