ತೇಜು ನದಿಯ ದಂಡೆಯಿಂದ

ಲಿಸ್ಬನ್
ನವೆಂಬರ್ 3

ಪ್ರೀತಿಯ ಅಪ್ಪಯ್ಯನಿಗೆ,

ನಾನಿಲ್ಲಿ ಕ್ಷೇಮ. ಕಾಲಿನ ಬೊಕ್ಕೆ ಒಣಗಿದೆ, ಸ್ಪೇನಿನಲ್ಲಿ ಹತ್ತಿದ ಕೆಮ್ಮೂ ಹೋಗಿದೆ ಎಂದು ಆಯಿಗೆ ಹೇಳು. ಈ ತಿರುಗಾಟದ ಕೊನೆಯ ಪತ್ರ ಇದು. ನಾಳಿದ್ದು ಬೆಳಿಗ್ಗೆ ಇಲ್ಲಿಂದ ವಿಮಾನ. ಪತ್ರಕ್ಕಿಂತ ಮೊದಲು ನಾನೇ ಮನೆ ಸೇರಿದರೂ ಸೇರಬಹುದು. ಆದರೂ ಬರೆಯುತ್ತಿದ್ದೇನೆ. ಈ ಊರಿನ ವಿಷಯ ಬಾಯಲ್ಲಿ ಹೇಳಲು ಕೂತರೆ ನಡುವೆ ಯಾರಾದರೂ ಬರುತ್ತಾರೆ, ಚಹಾ ಆಗಬೇಕಾಗುತ್ತದೆ, ಮಾತು ಎಲ್ಲಿಗೋ ಹೋಗುತ್ತದೆ.

ಮ್ಯಾಡ್ರಿಡ್‌ನಿಂದ ಇಲ್ಲಿಗೆ ಮೊದಲು ರಾತ್ರಿ ರೈಲಿತ್ತು, 2020ರಲ್ಲಿ ನಿಂತುಹೋಯಿತು. ಹಾಗಾಗಿ ರಾತ್ರಿಯಿಡೀ ಬಸ್ಸು. ಗಡಿ ದಾಟಿದ್ದು ಗೊತ್ತೇ ಆಗಲಿಲ್ಲ, ಗಡಿಯಾರ ಮಾತ್ರ ಒಂದು ತಾಸು ಹಿಂದೆ ಹೋಯಿತು. ನಿಜ ಹೇಳಬೇಕೆಂದರೆ ಲಿಸ್ಬನ್ನಿಗೆ ಬಂದದ್ದು ವಿಮಾನ ಹಿಡಿಯಲಿಕ್ಕೆ. ಅಥೆನ್ಸ್‌ನಿಂದ ಹಿಡಿದು ವಿಯೆನ್ನಾ, ಪ್ರಾಗ್, ಬರ್ಲಿನ್, ಪ್ಯಾರಿಸ್ ಎಂದು ನೋಡುತ್ತಾ ಬಂದು ಕಣ್ಣು ದಣಿದಿತ್ತು. ಎಲ್ಲ ಚಂದವೇ. ಆದರೆ ಎಲ್ಲವೂ ಅವರದು, ನಾನು ಮೆಚ್ಚಿ ಮುಂದೆ ಹೋಗುವವಳು. ನಮ್ಮ ತೋಟಕ್ಕೆ ಸಂಬಂಧಪಟ್ಟದ್ದು ಎಂದು ಸಿಕ್ಕಿದ್ದು ಬೋರ್ಡೋ ಒಂದೇ. ಕೊಳೆರೋಗಕ್ಕೆ ನೀನು ಮಳೆಗಾಲದಲ್ಲಿ ಹೊಡೆಸುವ ಮೈಲುತುತ್ತ-ಸುಣ್ಣದ ದ್ರಾವಣ 1880ರ ದಶಕದಲ್ಲಿ ಅಲ್ಲಿಯ ದ್ರಾಕ್ಷಿ ತೋಟಗಳಲ್ಲೇ ಹುಟ್ಟಿದ್ದು ಎಂದು ಬರೆದಿದ್ದೆನಲ್ಲ.

ಲಿಸ್ಬನ್ ಬೇರೆ. ಇಲ್ಲಿ ನನಗೆ ಕೇಳುವ ಹಕ್ಕಿದೆ ಅನ್ನಿಸಿತು.

ಊರು ಪೂರ್ತಿ ಏರು, ಇಳಿಜಾರು. ಬೀದಿಗೆ ಬಿಳಿ ಸುಣ್ಣಕಲ್ಲಿನ ಸಣ್ಣ ಚೂರುಗಳನ್ನು ಕೈಯಲ್ಲೇ ಜೋಡಿಸಿ ನಡುವೆ ಕರಿ ಕಲ್ಲಿನಲ್ಲಿ ಅಲೆ, ಬಳ್ಳಿ ಬಿಡಿಸಿದ್ದಾರೆ. ಮಳೆ ಬಿದ್ದರೆ ಕಾಲು ಜಾರುತ್ತದೆ. ಮನೆಗಳ ಮುಂಗೋಡೆಗೆಲ್ಲ ಬಣ್ಣದ ಹೆಂಚುಬಿಲ್ಲೆ. ಹಳದಿ ಟ್ರಾಮು ಅಲ್ಫಾಮಾದ ಓಣಿಗಳಲ್ಲಿ ಎಷ್ಟು ಒತ್ತಿಕೊಂಡು ಹೋಗುತ್ತದೆಂದರೆ ಕಿಟಕಿಯಿಂದ ಕೈ ಚಾಚಿದರೆ ಗೋಡೆ ಸಿಗುತ್ತದೆ. ಈಗ ಚೆಸ್ಟ್‌ನಟ್ ಕಾಲ. ಮೂಲೆ ಮೂಲೆಯಲ್ಲಿ ಗಾಡಿ ನಿಲ್ಲಿಸಿ ಕೆಂಡದ ಮೇಲೆ ಹುರಿಯುತ್ತಾರೆ, ಬೀದಿಯೆಲ್ಲ ಹೊಗೆ. ಮೀನು, ಮಾಂಸ ಮುಟ್ಟದವಳಿಗೆ ಅದೇ ಊಟ. ಜೊತೆಗೆ ರೊಟ್ಟಿ, ಆಲಿವ್ ಕಾಯಿ, ಚೀಸು.

ನಿನ್ನೆ ನದಿಯ ದಂಡೆ ಹಿಡಿದು ಬೆಲೆಂಗೆ ಹೋದೆ. 1497ರ ಜುಲೈನಲ್ಲಿ ವಾಸ್ಕೋ ಡ ಗಾಮಾ ಹೊರಟದ್ದು ಅಲ್ಲಿಂದ. ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ. ತಿರುಗಿ ಹೋಗುವಾಗ ನಮ್ಮ ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದ. ಅವನು ಹೊರಟ ಜಾಗದ ಹತ್ತಿರವೇ ದೊರೆ ಮ್ಯಾನುಯೆಲ್ ಜೆರೋನಿಮುಸ್ ಮಠ ಕಟ್ಟಿಸಲು ಶುರು ಮಾಡಿದ. ಖರ್ಚಿಗೆ ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ ತೆರಿಗೆ. ಆ ತೆರಿಗೆಯ ಹೆಸರಿನಲ್ಲೇ ಮೆಣಸಿತ್ತು. ಮೆಣಸಿನ ವ್ಯಾಪಾರವಂತೂ ದೊರೆಯದೇ, ಬೇರೆಯವರು ಕೈಹಾಕುವಂತಿರಲಿಲ್ಲ.

ಅಪ್ಪಯ್ಯಾ, ಆ ಕಲ್ಲುಕೆಲಸ ನೀನು ನೋಡಬೇಕಿತ್ತು. ಕಂಬ ಕಂಬಕ್ಕೂ ಹಡಗಿನ ಹಗ್ಗ, ಗಂಟು, ಎಲೆ, ಬಳ್ಳಿ ಕಡೆದಿದ್ದಾರೆ. ಒಳಗೆ ಕಂಬಗಳು ಅಡಿಕೆ ಮರದ ಹಾಗೆ ಸಣ್ಣಗೆ, ಉದ್ದಕ್ಕೆ ಮೇಲೆದ್ದು ಚಾವಣಿಯಲ್ಲಿ ಹರಡಿಕೊಂಡಿವೆ. ಚರ್ಚಿನ ಬಾಗಿಲಲ್ಲೇ ಗಾಮಾನ ಸಮಾಧಿ. ಎದುರಿಗೆ ಅವನ ಯಾನವನ್ನು ಹಾಡಿದ ಕವಿ ಕಮೋಯಿಂಶ್. ಗಾಮಾ ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ, ಮೊದಲು ಹೂತದ್ದೂ ಅಲ್ಲೇ. ಸಮಾಧಿಯ ಮೇಲೆ ಕಲ್ಲಿನ ಗಾಮಾ ಕೈಜೋಡಿಸಿ ಮಲಗಿದ್ದಾನೆ, ಬದಿಯಲ್ಲಿ ಹಡಗಿನ ಕೆತ್ತನೆ. ಇವನೇ 1502ರಲ್ಲಿ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟವನು. ಜನ ಬಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ನಾನು ತುಂಬಾ ಹೊತ್ತು ನಿಂತೆ. ಕಟ್ಟಡ ಚಂದ ಎನ್ನುವುದೂ ನಿಜ, ಈ ಮನುಷ್ಯ ಮಾಡಿದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡಲು ನನ್ನಿಂದ ಆಗಲಿಲ್ಲ.

ಅಲ್ಲೇ ಹತ್ತಿರ, ನದಿಗೆ ಮುಖ ಮಾಡಿದ ದೊಡ್ಡ ಸ್ಮಾರಕವೊಂದಿದೆ, 1960ರದ್ದು. ಹಡಗಿನ ಮೂತಿಯ ಆಕಾರ, ಮೇಲೆ ದೊರೆಗಳು, ನಾವಿಕರು, ಪಾದ್ರಿಗಳು ಸಾಲಾಗಿ ನಿಂತಿದ್ದಾರೆ. ಎದುರು ನೆಲದಲ್ಲಿ ಅಮೃತಶಿಲೆಯ ಪ್ರಪಂಚದ ನಕ್ಷೆ. ಪೋರ್ಚುಗೀಸರು ಎಲ್ಲಿಗೆ ಯಾವ ವರ್ಷ ಮುಟ್ಟಿದರು ಎಂದು ಬರೆದಿದೆ. ನಮ್ಮ ಕರಾವಳಿ ನನ್ನ ಒಂದು ಹೆಜ್ಜೆಯ ಅಡಿಯಲ್ಲಿ ಮುಚ್ಚಿಹೋಗುವಷ್ಟು. ನಾನು ನೋಡಿದ ಕಡೆಗಳಲ್ಲೆಲ್ಲ ಹಡಗಿನ ವಿಷಯ ಇತ್ತು, ದಿಕ್ಸೂಚಿಯ ವಿಷಯ ಇತ್ತು, ನಾಯಕರ ಹೆಸರುಗಳಿದ್ದವು. ಆ ಮೆಣಸಿನ ಬಳ್ಳಿ ನೆಟ್ಟವರು, ಏಣಿ ಹತ್ತಿ ಕೊಯ್ದವರು, ಒಣಗಿಸಿ ಮೂಟೆ ಹೊತ್ತು ಘಟ್ಟ ಇಳಿಸಿದವರು ಎಲ್ಲೂ ಕಾಣಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದವರು ಇದೇ ಪೋರ್ಚುಗೀಸರು. ಅವಳ ಬಂದರುಗಳಿಗಾಗಿ ಬಡಿದಾಡಿ ಹೊನ್ನಾವರದಲ್ಲಿ ಕೋಟೆ ಹಿಡಿದು ಕೂತವರು. ಅವಳ ಹೆಸರು ಒಂದು ಕಲ್ಲಿನ ಮೇಲಾದರೂ ಇದ್ದಿದ್ದರೆ ಎಂದು ಹೊಟ್ಟೆ ಉರಿಯಿತು.

ಇವತ್ತು ಬೆಳಿಗ್ಗೆ ನದೀತೀರದ ದೊಡ್ಡ ಚೌಕಕ್ಕೆ ಹೋದೆ. ಹೆಸರು ವ್ಯಾಪಾರದ ಚೌಕ, ಆದರೆ ಊರವರು ಇನ್ನೂ ಅರಮನೆ ಅಂಗಳ ಎಂದೇ ಕರೆಯುತ್ತಾರೆ. ಅರಮನೆ ಇಲ್ಲ. ಅದಕ್ಕೆ ಸೇರಿದ ಹಾಗೆ ‘ಕಾಸ ದ ಇಂಡಿಯಾ’ ಎಂಬ ಕಚೇರಿ ಇತ್ತು. ಗೋವೆ, ಕೊಚ್ಚಿಯಿಂದ ಬಂದ ಮೆಣಸು ಇಳಿಯುತ್ತಿದ್ದದ್ದು, ತೂಕವಾಗುತ್ತಿದ್ದದ್ದು, ಬೆಲೆ ಕಟ್ಟುತ್ತಿದ್ದದ್ದು ಎಲ್ಲ ಅದರ ಕೈಯಲ್ಲಿ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಚರ್ಚುಗಳಲ್ಲಿ ಜನ, ದೀಪ. ಬೆಳಿಗ್ಗೆ ಭೂಮಿ ನಡುಗಿತು. ಓಡಿದವರು ಬಯಲು ಎಂದು ನದಿಯ ಕಡೆಗೆ ಓಡಿದರು. ಅಲ್ಲಿ ಸಮುದ್ರ ಮೊದಲು ಹಿಂದೆ ಸರಿದು ಆಮೇಲೆ ಗೋಡೆ ಎತ್ತರಕ್ಕೆ ಬಂತು. ಬಿದ್ದ ದೀಪ, ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಅರಮನೆ, ಅದರ ಗ್ರಂಥಾಲಯ, ಕಾಸ ದ ಇಂಡಿಯಾದ ಲೆಕ್ಕಪತ್ರ ಎಲ್ಲ ಹೋಯಿತು. ಬೆಲೆಂ ಆಚೆಗಿದ್ದರಿಂದ ಮಠ ಉಳಿಯಿತು.

ಯಾವ ಬಂದರಿನಿಂದ ಎಷ್ಟು ಕ್ವಿಂಟಲ್, ಯಾರಿಗೆ ಎಷ್ಟು ಕೊಟ್ಟು ಕೊಂಡರು ಎಂಬ ಪುಸ್ತಕಗಳು ಆ ಚೌಕದ ನೆಲದಲ್ಲಿ ಬೂದಿಯಾಗಿವೆ. ಅಡಿಕೆ ಮಂಡಿಯ ಚೀಟಿಗಳನ್ನು ಅಜ್ಜನ ಕಾಲದಿಂದ ಪೆಟ್ಟಿಗೆಯಲ್ಲಿ ಕಟ್ಟಿಟ್ಟ ನಿನಗೆ ಇದು ಎಷ್ಟು ದೊಡ್ಡ ನಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಉಳಿದ ಕಾಗದಗಳು ತೊರೆ ದೊ ತೊಂಬು ಎಂಬ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪೋರ್ಚುಗೀಸ್ ಕಲಿತು ಅವನ್ನು ಓದುವ ಕನ್ನಡಿಗರು ಇನ್ನಷ್ಟು ಜನ ಬೇಕು.

ಊರನ್ನು ಮತ್ತೆ ಕಟ್ಟಿದ್ದು ಮಂತ್ರಿ ಪೊಂಬಾಲ್. ನೇರ ಬೀದಿಗಳು, ಗೋಡೆಯೊಳಗೆ ಮರದ ಚೌಕಟ್ಟಿನ ಪಂಜರ. ಭೂಮಿ ನಡುಗಿದರೆ ಮರ ಬಾಗಿ ತಡೆಯಲಿ ಎಂದು. ಮಾದರಿಯೊಂದನ್ನು ಕಟ್ಟಿ ಸುತ್ತ ಸೈನಿಕರನ್ನು ನಡೆಸಿ ಅಲುಗಾಡಿಸಿ ನೋಡಿದರಂತೆ. ಊರೂರಿನ ಪಾದ್ರಿಗಳಿಗೆ ಪ್ರಶ್ನೆಪಟ್ಟಿ ಕಳಿಸಿ, ನಡುಕ ಎಷ್ಟು ಹೊತ್ತು ಇತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ ಎಂದು ಕೇಳಿ ಬರೆಸಿಕೊಂಡ. ಈ ಮನುಷ್ಯನ ಬಗ್ಗೆ ನನಗೆ ಗೌರವ ಬಂತು.

ಸಂಜೆ ಮೊರಾರಿಯಾ ಎಂಬ ಕೇರಿಗೆ ಹೋದೆ. ಬಾಂಗ್ಲಾದೇಶದವರ ಅಂಗಡಿಗಳು, ಬೇಳೆ, ಅಕ್ಕಿ, ಕರಿಬೇವು ಎಲ್ಲ ಸಿಗುತ್ತದೆ. ಕಾಳುಮೆಣಸಿನ ಪೊಟ್ಟಣ ತಿರುಗಿಸಿ ನೋಡಿದೆ: ವಿಯೆಟ್ನಾಂ. ಈಗ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಮೆಣಸು ಬೆಳೆಯುವವರು ಅವರು. ನಿನ್ನ ಮೆಣಸಿನ ರೇಟು ಬೀಳುವುದಕ್ಕೆ ಏಳುವುದಕ್ಕೆ ಅದೂ ಒಂದು ಕಾರಣ.

ಕೊನೆಕೊಯ್ಲು ಶುರುವಾಗುವ ಮೊದಲು ಬಂದು ಮುಟ್ಟುತ್ತೇನೆ. ಬಂದ ಮೇಲೆ ಒಂದು ದಿನ ಬಿಡುವು ಮಾಡಿಕೊ. ಗೇರುಸೊಪ್ಪೆಯ ಚತುರ್ಮುಖ ಬಸದಿಗೆ, ಅಲ್ಲಿಂದ ಕುಮಟೆಯ ಕಡೆ ಮಿರ್ಜಾನ್ ಕೋಟೆಗೆ ನಾವಿಬ್ಬರೂ ಹೋಗೋಣ. ಆಯಿ ಬಂದರೆ ಅವಳೂ ಬರಲಿ. ಗಾಡಿ ನಾನು ಓಡಿಸುತ್ತೇನೆ.

ನಿನ್ನ ಮಗಳು